‘ಟ್ರೆಸೆ’ಯ ದೆವ್ವಗಳು ಜನರ ಕತೆಗಳಿಂದಲೇ ಬಂದವೇ?

ಪ್ರಶ್ನೆ: ನಾನು ದುಬೈನಲ್ಲಿ ಕೆಲಸ ಮಾಡುತ್ತೇನೆ. ಆಫೀಸಿನಲ್ಲಿ ಫಿಲಿಪೀನ್ಸ್‌ನವರು ಒಬ್ಬರಿದ್ದಾರೆ. ಅವರು ‘ಟ್ರೆಸೆ’ ಎಂಬ ಗ್ರಾಫಿಕ್ ಕಾದಂಬರಿಯ ಮೊದಲ ಸಂಪುಟವನ್ನು ಓದೋಕೆ ಕೊಟ್ಟರು. ಇದರ ಅನಿಮೇಷನ್ ಸರಣಿಯನ್ನು ಮೊದಲೇ ನೋಡಿದ್ದೆ. ಕುದುರೆ ಮುಖದ ಹುಡುಗ ಕಾರ್ ರೇಸ್ ಮಾಡುತ್ತಾನೆ, ಮ್ಯಾನ್‌ಹೋಲ್ ಒಳಗಿನ ಮುದುಕ ಸುದ್ದಿ ಹೇಳುತ್ತಾನೆ. ಇವೆಲ್ಲ ಅಲ್ಲಿಯ ಜನಪದದಲ್ಲಿ ನಿಜವಾಗಿ ಇರುವುವೇ, ಇಲ್ಲ ಲೇಖಕರು ಕಟ್ಟಿದ್ದೇ? ಆ ದೇಶದ ಬಗ್ಗೆ ಏನೂ ಗೊತ್ತಿಲ್ಲದ ನಾನು ಇದನ್ನು ಹೇಗೆ ಓದಬೇಕು? 13 ವರ್ಷದ ಮಗನಿಗೆ ಕೊಡಬಹುದೇ?

ಉತ್ತರ: ಒಂದೇ ಮಾತಿನಲ್ಲಿ ಹೇಳುವುದಾದರೆ, ಜೀವಿಗಳು ಜನರವು, ವಿಳಾಸಗಳು ಲೇಖಕರವು. ಕುದುರೆ ಮುಖದವನೂ ಮಣ್ಣಿನ ದಿಬ್ಬದ ಮುದುಕನೂ ಫಿಲಿಪೀನ್ಸ್‌ನ ಹಳ್ಳಿಗಳಲ್ಲಿ ತಲೆತಲಾಂತರದಿಂದ ಇದ್ದಾರೆ. ಅವರನ್ನು ಮನಿಲಾ ನಗರಕ್ಕೆ ಕರೆತಂದು ಮನೆ, ಕೆಲಸ, ವ್ಯವಹಾರ ಕೊಟ್ಟದ್ದು ಬರಹಗಾರ ಬಡ್ಜೆಟ್ ಟಾನ್ ಮತ್ತು ಚಿತ್ರಗಾರ ಕಾಜೊ ಬಾಲ್ಡಿಸಿಮೊ. ಆದರೆ ನಿಮ್ಮ ಪ್ರಶ್ನೆಗೆ ಅಷ್ಟೇ ಉತ್ತರ ಸಾಲದು. ಕರೆತರುವಾಗ ಅವರು ಏನನ್ನು ಬದಲಾಯಿಸಲಿಲ್ಲ ಅನ್ನುವುದೇ ಈ ಪುಸ್ತಕದ ಜೀವ. ಅದಕ್ಕೇ ಸ್ವಲ್ಪ ಉದ್ದಕ್ಕೆ ಬರೆಯುತ್ತೇನೆ.

ಮೊದಲು ಪುಸ್ತಕ ಹುಟ್ಟಿದ ಬಗೆ. ಇಬ್ಬರೂ ಜಾಹೀರಾತು ಕ್ಷೇತ್ರದಲ್ಲಿ ದುಡಿಯುತ್ತಿದ್ದವರು. 2005ರಲ್ಲಿ, ತಿಂಗಳಿಗೊಂದು ಕಾಮಿಕ್ಸ್ ಮಾಡೋಣ ಅಂತ ಕಾಜೊ ಪಟ್ಟು ಹಿಡಿದರು. ಊಟದ ಬಿಡುವಿನಲ್ಲಿ ದಿನಕ್ಕೊಂದು ಪುಟ ಬರೆಯುವುದು, ತಿಂಗಳ ಕೊನೆಗೆ ಇಪ್ಪತ್ತು ಪುಟ ಕೂಡಿಸುವುದು, ಜೆರಾಕ್ಸ್ ಮಾಡಿಸಿ ಪಿನ್ ಹೊಡೆದು ಮಾರುವುದು. ಇಷ್ಟೇ ಯೋಜನೆ. ಟಾನ್ ಅವರ ತಲೆಯಲ್ಲಿ ಮೊದಲು ಇದ್ದ ಪತ್ತೇದಾರ ಗಂಡಸು, ಹೆಸರು ಆಂಟನ್ ಟ್ರೆಸೆ. ಮಾತಾಡುತ್ತಾ ಮಾತಾಡುತ್ತಾ ನಾಯಕಿ ಹೆಣ್ಣಾದಳು, ಆಂಟನ್ ಅವಳ ಅಪ್ಪನಾದ. ಹಾಗೆ ಬಂದವಳು ಅಲೆಕ್ಸಾಂಡ್ರಾ ಟ್ರೆಸೆ. 2008ರಲ್ಲಿ ವಿಸ್‌ಪ್ರಿಂಟ್ ಪ್ರಕಾಶನ ಆ ಜೆರಾಕ್ಸ್ ಕತೆಗಳನ್ನು ಪುಸ್ತಕ ಮಾಡಿತು. ಮೂರನೇ ಸಂಪುಟಕ್ಕೆ ಫಿಲಿಪೀನ್ಸ್‌ನ ನ್ಯಾಷನಲ್ ಬುಕ್ ಅವಾರ್ಡ್ ಬಂತು. 2020ರಲ್ಲಿ ಅಮೆರಿಕದ ಅಬ್ಲೇಜ್ ಸಂಸ್ಥೆ ಮೊದಲ ಸಂಪುಟವನ್ನು ಹೊರದೇಶದ ಓದುಗರಿಗಾಗಿ ತಂದಿತು. 2021ರ ಜೂನ್‌ನಲ್ಲಿ ನೆಟ್‌ಫ್ಲಿಕ್ಸ್‌ನಲ್ಲಿ ಆರು ಕಂತುಗಳ ಸರಣಿ ಬಂತು. ನೀವು ನೋಡಿದ್ದು ಅದನ್ನೇ.

ಈಗ ಮ್ಯಾನ್‌ಹೋಲ್ ಮುದುಕನ ವಿಷಯ. ಹಳ್ಳಿಯಲ್ಲಿ ಅವನ ಹೆಸರು ‘ನೂನೊ ಸ ಪುನ್ಸೊ’. ಹುತ್ತದಂಥ ಮಣ್ಣಿನ ದಿಬ್ಬದಲ್ಲಿ ವಾಸ. ಗಿಡ್ಡ ದೇಹ, ಬಿಳಿ ಗಡ್ಡ, ಬೇಗ ಮೂಗಿಗೇರುವ ಕೋಪ. ದಿಬ್ಬವನ್ನು ತುಳಿದರೆ, ಅದರ ಮೇಲೆ ಉಚ್ಚೆ ಹೊಯ್ದರೆ ಮುಗಿಯಿತು. ಕಾಲು ಬಾತುಕೊಳ್ಳುತ್ತದೆ, ಇಲ್ಲವೇ ಯಾವ ಮದ್ದಿಗೂ ಬಗ್ಗದ ಕಾಯಿಲೆ ಬರುತ್ತದೆ. ಹಾಗಾಗಿ ಪೊದೆ, ಮರ, ದಿಬ್ಬ ಇರುವ ಕಡೆ ದಾಟುವಾಗ ಜನ ‘ತಾಬಿ ತಾಬಿ ಪೊ’ ಅನ್ನುತ್ತಾರೆ. ಸ್ವಲ್ಪ ಸರೀರಿ ಸ್ವಾಮಿ, ಹಾದು ಹೋಗ್ತೀವಿ ಅನ್ನುವ ಧಾಟಿ. ಓದಿದವರೂ ಅನ್ನುತ್ತಾರೆ. ಕಾಯಿಲೆ ಬಂದರೆ ಹಳ್ಳಿಯ ವೈದ್ಯ ‘ಅಲ್ಬುಲಾರ್ಯೊ’ ಹತ್ತಿರ ಹೋಗುತ್ತಾರೆ. ಅವನು ಪಟಿಕವನ್ನು ಕೆಂಡಕ್ಕೆ ಹಾಕುತ್ತಾನೆ, ಅಥವಾ ಕರಗಿದ ಮೇಣವನ್ನು ನೀರಿಗೆ ಹನಿಸುತ್ತಾನೆ. ಅದು ಹೆಪ್ಪುಗಟ್ಟಿದ ಆಕಾರ ನೋಡಿ ಯಾರಿಗೆ ತೊಂದರೆ ಕೊಟ್ಟಿರಿ ಅಂತ ಹೇಳುತ್ತಾನೆ. ಆಮೇಲೆ ಆ ದಿಬ್ಬಕ್ಕೆ ಹೋಗಿ ಕ್ಷಮೆ ಕೇಳಬೇಕು, ತಿನ್ನಲು ಏನಾದರೂ ಇಡಬೇಕು.

ಇದನ್ನು ಮನಸ್ಸಿನಲ್ಲಿಟ್ಟುಕೊಂಡು ಪುಸ್ತಕ ನೋಡಿ. ಮನಿಲಾದಲ್ಲಿ ದಿಬ್ಬ ಎಲ್ಲಿದೆ? ಎಲ್ಲ ಕಾಂಕ್ರೀಟ್. ಹಾಗಾದರೆ ನೂನೊ ಎಲ್ಲಿಗೆ ಹೋದ? ನೆಲದ ಕೆಳಗಿನ ಚರಂಡಿಗೆ. ವಾಸ ಬದಲಾಯಿತು, ಸ್ವಭಾವ ಬದಲಾಗಲಿಲ್ಲ. ಅವನಿಂದ ಸುದ್ದಿ ಬೇಕಾದಾಗ ಅಲೆಕ್ಸಾಂಡ್ರಾ ಅವನ ಬಾಗಿಲಿಗೇ ಹೋಗುತ್ತಾಳೆ, ಮರ್ಯಾದೆಯಿಂದ ಕೇಳುತ್ತಾಳೆ. ಊರೆಲ್ಲದರ ನೆಲದಡಿ ಓಡಾಡುವವನಿಗೆ ಊರಿನ ಸುದ್ದಿಯೆಲ್ಲ ಗೊತ್ತಿರುತ್ತದೆ ಅಲ್ವಾ? ಹಳ್ಳಿಯ ನಂಬಿಕೆಯನ್ನು ಒಂದಿಷ್ಟೂ ಮುರಿಯದೆ ನಗರದ ಕತೆ ಆಯಿತು.

ಈ ಸರಣಿಯ ಗುಟ್ಟು ನನಗೆ ಕಾಣುವುದು ಇಲ್ಲಿ. ಜನಪದದ ಪ್ರತಿ ಜೀವಿಗೂ ಒಂದು ಕಟ್ಟಳೆ ಇರುತ್ತದೆ. ಎಲ್ಲಿ ಇರುತ್ತದೆ, ಯಾವಾಗ ಬರುತ್ತದೆ, ಏನು ಕೊಟ್ಟರೆ ಒಪ್ಪುತ್ತದೆ, ಯಾವುದಕ್ಕೆ ಹೆದರುತ್ತದೆ. ದೆವ್ವಗಳನ್ನು ಬಳಸುವ ಎಷ್ಟೋ ಕಾಮಿಕ್ಸ್‌ಗಳು ರೂಪವನ್ನು ಮಾತ್ರ ಎತ್ತಿಕೊಳ್ಳುತ್ತವೆ. ಕೋರೆಹಲ್ಲು, ರೆಕ್ಕೆ, ಉಗುರು. ಕಟ್ಟಳೆಯನ್ನು ಬಿಸಾಕುತ್ತವೆ. ಆಮೇಲೆ ಉಳಿಯುವುದು ಬರೀ ಹೊಡೆದಾಟ. ಟಾನ್ ಕಟ್ಟಳೆಯನ್ನೇ ಕತೆಯ ಕೀಲಿ ಮಾಡಿದರು. ಅಲೆಕ್ಸಾಂಡ್ರಾ ಗೆಲ್ಲುವುದು ಬಲದಿಂದ ಕಡಿಮೆ. ಯಾವ ಜೀವಿ ಯಾವ ಮಾತಿಗೆ ಬದ್ಧ, ಹಿಂದೆ ಯಾರು ಯಾರಿಗೆ ಮಾತು ಕೊಟ್ಟಿದ್ದರು ಅಂತ ತಿಳಿದಿರುವುದೇ ಅವಳ ಆಯುಧ. ಅವಳ ಮನೆತನದ ಕೆಲಸವೇ ಅದು. ಮನುಷ್ಯರಿಗೂ ಈ ಜೀವಿಗಳ ಭೂಗತ ಲೋಕಕ್ಕೂ ನಡುವಿನ ಒಪ್ಪಂದವನ್ನು ಕಾಯುವುದು. ಪೊಲೀಸ್ ಕ್ಯಾಪ್ಟನ್ ಗೆರೆರೊ ಅವಳನ್ನು ಕರೆಸುವುದೂ ಅದಕ್ಕೇ. ಪೊಲೀಸರ ಹತ್ತಿರ ಬಂದೂಕಿದೆ, ಈ ತಿಳಿವಳಿಕೆ ಇಲ್ಲ.

ಕುದುರೆ ಮುಖದವನು ಟಿಕ್‌ಬಾಲಂಗ್. ಅವನ ಕಾಲು ಎಷ್ಟು ಉದ್ದ ಅಂದರೆ ಕುಕ್ಕರಗಾಲಲ್ಲಿ ಕೂತರೆ ಮೊಣಕಾಲು ತಲೆಗಿಂತ ಮೇಲೆ ಬರುತ್ತದೆ. ಬಿದಿರ ಮೆಳೆಯಲ್ಲೋ ಬಲೆಟೆ ಮರದಲ್ಲೋ ಇರುತ್ತಾನೆ. ಬಲೆಟೆ ಅಂದರೆ ನಮ್ಮ ಆಲದ ಕುಲದ್ದೇ ಮರ, ಬೇರು ಬಿಳಲುಗಳಿಂದ ಇನ್ನೊಂದು ಮರವನ್ನು ಅಪ್ಪಿ ಬೆಳೆಯುವಂಥದ್ದು. ದಾರಿಹೋಕರಿಗೆ ದಾರಿ ತಪ್ಪಿಸುವುದು ಇವನ ಚಟ. ಎಷ್ಟು ನಡೆದರೂ ಹೊರಟ ಜಾಗಕ್ಕೇ ಬರುತ್ತೀರಿ. ಅಂಗಿ ಬಿಚ್ಚಿ ಒಳಮೈ ಹೊರಗೆ ಮಾಡಿ ಹಾಕಿಕೊಂಡರೆ ದಾರಿ ಸಿಗುತ್ತದೆ ಅನ್ನುತ್ತಾರೆ. ಬಿಸಿಲೂ ಮಳೆಯೂ ಒಟ್ಟಿಗೆ ಬಂದರೆ ನಾವು ಕಾಗೆಗೂ ನರಿಗೂ ಮದುವೆ ಅನ್ನುತ್ತೇವಲ್ಲ, ಅವರಲ್ಲಿ ಅವತ್ತು ಟಿಕ್‌ಬಾಲಂಗ್ ಮದುವೆ.

ಪುಸ್ತಕದಲ್ಲಿ ಈ ಕುಲದ ಯುವಕ ಮಾಲಿಕ್ಸಿ. ಅಪ್ಪ ಸೆನ್ಯೋರ್ ಅರ್ಮನಾಜ್, ದುಡ್ಡೂ ದರ್ಪವೂ ಇರುವ ಕುಲದ ಹಿರಿಯ. ಮಗ ರಾತ್ರಿ ಹೊತ್ತು ಮನಿಲಾದ ರಸ್ತೆಗಳಲ್ಲಿ ಪಂದ್ಯಕ್ಕಿಳಿಯುತ್ತಾನೆ. ಓಟ ಅವನ ರಕ್ತದಲ್ಲಿದೆ. ದಾರಿಯಲ್ಲಿ ಹೋಗುವವರನ್ನು ಕಾಡುವುದೂ ರಕ್ತದಲ್ಲಿದೆ. ಕಾಡು ಹೋಯಿತು, ಹೆದ್ದಾರಿ ಬಂತು. ಅಪ್ಪ ಪ್ರಭಾವಿ ಅಂತ ಮಗನ ತಪ್ಪು ಮುಚ್ಚಿಹೋಗುವ ಕತೆ, ಕುದುರೆ ಮುಖ ಇಲ್ಲದೆಯೂ ಮನಿಲಾದ ಓದುಗರಿಗೆ ಗೊತ್ತಿರುವಂಥದ್ದೇ. ಅಲ್ಲಿ ಭಯ ಹುಟ್ಟಿಸುವುದೂ ಅದೇ.

ಮೊದಲ ಪ್ರಕರಣ ನಡೆಯುವ ಬಲೆಟೆ ಡ್ರೈವ್ ನಿಜವಾದ ರಸ್ತೆ. ಕೆಜೋನ್ ಸಿಟಿಯ ನ್ಯೂ ಮನಿಲಾ ಬಡಾವಣೆಯಲ್ಲಿದೆ. ಅಲ್ಲಿ ರಾತ್ರಿ ಬಿಳಿ ಉಡುಪಿನ ಹೆಂಗಸು ಟ್ಯಾಕ್ಸಿ ಹತ್ತುತ್ತಾಳೆ, ಡ್ರೈವರ್ ಕನ್ನಡಿಯಲ್ಲಿ ನೋಡಿದರೆ ರಕ್ತಸಿಕ್ತ ಮುಖ, ತಿರುಗಿ ನೋಡಿದರೆ ಸೀಟು ಖಾಲಿ. ಈ ಕತೆಯನ್ನು ಅಲ್ಲಿ ಮೂರು ತಲೆಮಾರು ಕೇಳಿಕೊಂಡು ಬೆಳೆದಿದೆ. ಟಾನ್ ಅದೇ ಕತೆಯನ್ನು ಮತ್ತೆ ಹೇಳಲಿಲ್ಲ. ಆ ಬಿಳಿ ಉಡುಪಿನ ಪ್ರೇತವೇ ನಡುರಸ್ತೆಯಲ್ಲಿ ಕೊಲೆಯಾಗಿ ಬಿದ್ದಿರುವಂತೆ ಶುರು ಮಾಡಿದರು. ಸತ್ತವಳನ್ನು ಕೊಂದವರು ಯಾರು? ಎಲ್ಲರಿಗೂ ಗೊತ್ತಿರುವ ಕತೆಯಿಂದ ಯಾರೂ ಕೇಳದ ಪ್ರಶ್ನೆಯನ್ನು ತೆಗೆಯುವುದು ಸುಲಭದ ಕೆಲಸವಲ್ಲ. ಪತ್ತೇದಾರಿ ಕತೆಗೆ ಇಷ್ಟು ಒಳ್ಳೆಯ ಆರಂಭ ನಾನು ಜಾಸ್ತಿ ಓದಿಲ್ಲ.

ಇನ್ನು ಆಸ್ವಾಂಗ್. ಇದರ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳಬೇಕು. ಸರಣಿಯಲ್ಲಿ ಬರೀ ಮಾಂಸ ತಿನ್ನುವ ರಾಕ್ಷಸರ ಗುಂಪಿನಂತೆ ಕಾಣುತ್ತದೆ, ಆದರೆ ಹಿಂದೆ ದೊಡ್ಡ ಚರಿತ್ರೆ ಇದೆ.

ಆಸ್ವಾಂಗ್ ಅನ್ನುವುದು ಒಂದು ಜೀವಿಯಲ್ಲ, ಒಂದು ವರ್ಗ. ರಕ್ತ ಹೀರುವವರು, ಹೆಣ ತಿನ್ನುವವರು, ಪ್ರಾಣಿಯ ರೂಪ ತಾಳುವವರು ಎಲ್ಲ ಇದರೊಳಗೆ ಬರುತ್ತಾರೆ. ಫಿಲಿಪೀನ್ಸ್‌ನ ಜಾನಪದ ವಿದ್ವಾಂಸ ಮಾಕ್ಸಿಮೊ ರಾಮೋಸ್ 1971ರ ತಮ್ಮ ಗ್ರಂಥದಲ್ಲಿ ಈ ಜೀವಿಗಳನ್ನೆಲ್ಲ ವಿಂಗಡಿಸಿಟ್ಟರು. ಇದರಲ್ಲಿ ಅತಿ ಭಯಂಕರ ಮನನಂಗಲ್. ಹಗಲು ಹೊತ್ತು ನಮ್ಮ ನಿಮ್ಮಂಥ ಹೆಂಗಸು. ರಾತ್ರಿ ಸೊಂಟದಲ್ಲಿ ದೇಹ ಎರಡಾಗುತ್ತದೆ. ಕೆಳಗಿನ ಅರ್ಧ ಬಾಳೆತೋಟದಲ್ಲೋ ಮನೆ ಹಿಂದೆಯೋ ನಿಂತಿರುತ್ತದೆ. ಮೇಲಿನ ಅರ್ಧ ಬಾವಲಿ ರೆಕ್ಕೆ ಬಿಚ್ಚಿ ಹಾರುತ್ತದೆ. ಬಸುರಿ ಇರುವ ಮನೆಯ ಸೂರಿನ ಮೇಲೆ ಕೂತು, ಹುಲ್ಲಿನ ಸಂದಿಯಿಂದ ದಾರದಂಥ ನಾಲಿಗೆಯನ್ನು ಇಳಿಬಿಟ್ಟು ಹೊಟ್ಟೆಯೊಳಗಿನ ಕೂಸನ್ನು ಹೀರುತ್ತದೆ. ಕೆಳಗಿನ ಅರ್ಧ ಸಿಕ್ಕಿದವರು ಅದರ ಮೇಲೆ ಉಪ್ಪೋ ಬೂದಿಯೋ ಜಜ್ಜಿದ ಬೆಳ್ಳುಳ್ಳಿಯೋ ಸುರಿದರೆ ಮತ್ತೆ ಕೂಡಲು ಆಗುವುದಿಲ್ಲ, ಬೆಳಕು ಹರಿದರೆ ಸಾವು. ‘ಟಿಕ್ ಟಿಕ್’ ಅನ್ನುವ ಸದ್ದು ಇನ್ನೊಂದು ಗುರುತು. ಸದ್ದು ಜೋರಾಗಿ ಕೇಳಿದರೆ ಆಸ್ವಾಂಗ್ ದೂರದಲ್ಲಿದೆ. ಸಣ್ಣಗಾಗುತ್ತಾ ಹೋದರೆ ಹತ್ತಿರ ಬರುತ್ತಿದೆ. ಮೌನವಾದಷ್ಟೂ ಭಯ ಹೆಚ್ಚುವ ಈ ಲೆಕ್ಕಾಚಾರ ಎಂಥ ಜಾಣ ಕಲ್ಪನೆ ನೋಡಿ. ಗರ್ಭ ಯಾಕೆ ಇಳಿಯಿತು, ಎಳೆಗೂಸು ಯಾಕೆ ಸತ್ತಿತು ಅಂತ ಹೇಳಲು ಯಾರೂ ಇಲ್ಲದ ಊರಿನಲ್ಲಿ ಈ ಕತೆಗೆ ಕೆಲಸವಿತ್ತು.

ಈಗ ಚರಿತ್ರೆ. ಸ್ಪೇನಿನವರು 1565ರಿಂದ ಅಲ್ಲಿ ನೆಲೆಯೂರಿದರು. ಅದಕ್ಕೂ ಮೊದಲು ಊರಿನ ಪೂಜೆ, ಮದ್ದು, ದೈವದ ಮಾತು ಎಲ್ಲ ‘ಬಬಾಯ್ಲನ್’ ಕೈಯಲ್ಲಿತ್ತು. ಹೆಚ್ಚಿನವರು ಹೆಂಗಸರು. ಮನಿಲಾ ಸುತ್ತಿನ ತಗಲೋಗ್ ಜನ ಇವರನ್ನೇ ‘ಕತಲೊನನ್’ ಅನ್ನುತ್ತಿದ್ದರು. ಹುವಾನ್ ದೆ ಪ್ಲಾಸೆನ್ಸಿಯಾ ಎಂಬ ಫ್ರಾನ್ಸಿಸ್ಕನ್ ಪಾದ್ರಿ 1589ರಲ್ಲಿ ತಗಲೋಗ್ ಜನರ ಪದ್ಧತಿಗಳ ಬಗ್ಗೆ ಬರೆದಿಟ್ಟರು. ಅದರಲ್ಲಿ ‘ಸೈತಾನನ ಪೂಜಾರಿಗಳು’ ಅಂತ ಒಂದು ಪಟ್ಟಿ ಇದೆ. ಪಟ್ಟಿಯ ಮೊದಲಿಗೆ ಕತಲೊನನ್. ಅದೇ ಪಟ್ಟಿಯಲ್ಲಿ ಮುಂದೆ, ರಾತ್ರಿ ದೇಹ ಕಳಚಿಕೊಂಡು ಓಡಾಡುವವರು. ಅವರ ಜೊತೆಗೇ ಹಾರಿ ಬಂದು ಮನುಷ್ಯರನ್ನು ತಿನ್ನುವ ಆಸ್ವಾಂಗ್. ಹೆರಿಗೆ ಮಾಡಿಸುತ್ತಿದ್ದ, ಕಾಯಿಲೆ ನೋಡುತ್ತಿದ್ದ ಹೆಂಗಸೂ ಕೂಸನ್ನು ತಿನ್ನುವ ದೆವ್ವವೂ ಒಂದೇ ಸಾಲಿನಲ್ಲಿ. ಹೊಸ ಧರ್ಮಕ್ಕೆ ಎದುರಾಗಿ ನಿಂತವರು ಈ ಹೆಂಗಸರೇ. ಅವರ ಹೆಸರು ಕೆಡಿಸಲು ಊರಲ್ಲಿ ಮೊದಲೇ ಇದ್ದ ಭಯ ಪಾದ್ರಿಗಳಿಗೆ ಒದಗಿಬಂತು ಅನ್ನುವ ವಿದ್ವಾಂಸರ ಮಾತನ್ನು ನಾನು ಒಪ್ಪುತ್ತೇನೆ.

ಹಾಗಾಗಿ ಅಲೆಕ್ಸಾಂಡ್ರಾಳನ್ನು ‘ಬಬಾಯ್ಲನ್ ಮಂದಿರಿಗ್ಮಾ’ ಅಂತ ಕರೆಯುವುದನ್ನು ಸುಮ್ನೆ ಒಂದು ಬಿರುದು ಅಂತ ದಾಟಬೇಡಿ. ಮಂದಿರಿಗ್ಮಾ ಅಂದರೆ ಯೋಧೆ. ಪಾದ್ರಿಗಳ ಪಟ್ಟಿಯಲ್ಲಿ ದೆವ್ವಗಳ ಸಾಲಿಗೆ ಸೇರಿಸಿದ್ದ ಹೆಂಗಸು ನಾಲ್ಕು ಶತಮಾನ ಕಳೆದ ಮೇಲೆ ಕತೆಯ ನಾಯಕಿಯಾಗಿ ಬಂದಿದ್ದಾಳೆ, ಊರು ಕಾಯುತ್ತಿದ್ದಾಳೆ. ಇದೇ ಕೆಲಸಕ್ಕೆ ಗಂಡಸು ಆಂಟನ್ ಬಂದಿದ್ದರೆ ಕೋಟು ಹಾಕಿದ ಇನ್ನೊಬ್ಬ ಪತ್ತೇದಾರ ಆಗುತ್ತಿದ್ದ. ಅವಳಿಂದ ಕತೆಯ ತೂಕವೇ ಬೇರೆಯಾಯಿತು.

ಆಸ್ವಾಂಗ್ ಭಯವನ್ನು ಬಳಸಿಕೊಂಡವರು ಪಾದ್ರಿಗಳು ಮಾತ್ರ ಅಲ್ಲ. 1950ರ ದಶಕದ ಶುರುವಿನಲ್ಲಿ ಲುಜೋನ್ ದ್ವೀಪದಲ್ಲಿ ಹುಕ್ ಎಂಬ ರೈತ ಬಂಡಾಯಗಾರರ ಹೋರಾಟ ನಡೆದಿತ್ತು. ಅದನ್ನು ಹತ್ತಿಕ್ಕಲು ಅಮೆರಿಕದ ಅಧಿಕಾರಿ ಎಡ್ವರ್ಡ್ ಲ್ಯಾನ್ಸ್‌ಡೇಲ್ ಫಿಲಿಪೀನ್ಸ್ ಸೇನೆಗೆ ಸಲಹೆಗಾರರಾಗಿದ್ದರು. ಅವರೇ 1972ರ ಆತ್ಮಕಥೆಯಲ್ಲಿ ಬರೆದ ಸಂಗತಿ ಇದು. ಬಂಡಾಯಗಾರರು ಒಂದು ಗುಡ್ಡದಲ್ಲಿದ್ದರು. ಆ ಗುಡ್ಡದಲ್ಲಿ ಆಸ್ವಾಂಗ್ ಇದೆ ಅಂತ ಮೊದಲು ಊರಲ್ಲಿ ಸುದ್ದಿ ಹಬ್ಬಿಸಿದರು. ಎರಡು ರಾತ್ರಿ ಬಿಟ್ಟು, ಕಾಲುದಾರಿಯಲ್ಲಿ ಹೋಗುತ್ತಿದ್ದ ತಂಡದ ಕೊನೆಯವನನ್ನು ಸದ್ದಿಲ್ಲದೆ ಹಿಡಿದರು. ಕುತ್ತಿಗೆಗೆ ಎರಡು ತೂತು ಕೊರೆದು, ಕಾಲು ಹಿಡಿದು ತಲೆಕೆಳಗು ಮಾಡಿ ರಕ್ತ ಬಸಿದು, ಹೆಣವನ್ನು ಅದೇ ದಾರಿಯಲ್ಲಿ ಇಟ್ಟುಬಿಟ್ಟರು. ಹುಡುಕಿಕೊಂಡು ಬಂದವರು ಅದನ್ನು ನೋಡಿ ಮಾರನೇ ದಿನವೇ ಗುಡ್ಡ ಬಿಟ್ಟರು. ‘ಟ್ರೆಸೆ’ಯಲ್ಲಿ ದೆವ್ವಗಳ ಹಿಂದೆ ಎಷ್ಟೋ ಸಲ ಮನುಷ್ಯರೇ, ಅದರಲ್ಲೂ ಅಧಿಕಾರ ಇರುವವರೇ ಸಿಗುತ್ತಾರೆ. ಇಷ್ಟು ಗೊತ್ತಿದ್ದರೆ ಅದು ಬರೀ ಕತೆಯ ತಿರುವು ಅನ್ನಿಸುವುದಿಲ್ಲ.

ನಾಯಕಿಯ ಹಿಂದೆ ನಿಲ್ಲುವ ಅವಳಿ ಅಂಗರಕ್ಷಕರನ್ನು ನೋಡಿರುತ್ತೀರಿ. ಒಬ್ಬನ ಮುಖವಾಡ ನಗುತ್ತದೆ, ಇನ್ನೊಬ್ಬನದು ಅಳುತ್ತದೆ. ಹೆಸರು ಕ್ರಿಸ್ಪಿನ್, ಬಸೀಲಿಯೊ. ನಿಮ್ಮ ಸಹೋದ್ಯೋಗಿಗೆ ಈ ಹೆಸರು ಕೇಳಿದ ಕೂಡಲೇ ಶಾಲೆ ನೆನಪಾಗಿರುತ್ತದೆ. ಹೊಸೆ ರಿಜಾಲ್ 1887ರಲ್ಲಿ ಬರೆದ ‘ನೋಲಿ ಮೆ ತಾಂಗೆರೆ’ ಕಾದಂಬರಿಯಲ್ಲಿ ಇಬ್ಬರು ಬಡ ಅಣ್ಣತಮ್ಮಂದಿರ ಹೆಸರು ಇವು. ಚರ್ಚಿನಲ್ಲಿ ಗಂಟೆ ಹೊಡೆಯುವ ಹುಡುಗರು, ಕಳ್ಳತನದ ಆರೋಪ ಹೊತ್ತು ನಲುಗಿದವರು. ಅವರ ತಾಯಿ ಸೀಸಾ ಮಕ್ಕಳನ್ನು ಹುಡುಕುತ್ತಾ ಬುದ್ಧಿ ಕಳೆದುಕೊಳ್ಳುತ್ತಾಳೆ. ರಿಜಾಲ್ ಕೃತಿಗಳನ್ನು ಓದಿಸಲೇಬೇಕು ಅಂತ 1956ರಿಂದ ಕಾನೂನೇ ಇದೆ. ಹೀಗಾಗಿ ಆ ದೇಶದಲ್ಲಿ ಓದಿದವರಿಗೆಲ್ಲ ಈ ಮಕ್ಕಳು ಗೊತ್ತು. ಆ ಅಸಹಾಯಕ ಹುಡುಗರ ಹೆಸರು ಬಂದೂಕು ಹಿಡಿದ ಅವಳಿಗಳಿಗೆ ಬಂದಿದೆ. ಹೊರಗಿನ ಓದುಗರಿಗೆ ತಪ್ಪಿಹೋಗುವ ಇಂಥ ಪದರಗಳು ಪುಸ್ತಕದಲ್ಲಿ ತುಂಬ ಇವೆ. ಓದುತ್ತಾ ಹೆಸರುಗಳ ಬಗ್ಗೆ ಅವರನ್ನು ಕೇಳಿ.

ಒಂದು ತಕರಾರು ನನಗೂ ಇದೆ. ಅವಳಿಗಳು ಯುದ್ಧದೇವತೆ ತಲಗ್‌ಬುಸಾವ್‌ನ ಮಕ್ಕಳು. ತಲಗ್‌ಬುಸಾವ್ ಮಿಂಡನಾವ್ ದ್ವೀಪದ ಬುಕಿದ್ನೊನ್ ಜನರ ದೈವ. ಪಾತಾಳದ ದೇವತೆ ಇಬು ಅದೇ ದ್ವೀಪದ ಮನೊಬೊ ಜನರವಳು. ಬಲೆಟೆ ಡ್ರೈವ್ ಪ್ರೇತ ಮನಿಲಾದ್ದು. ಫಿಲಿಪೀನ್ಸ್ ಅಂದರೆ ಏಳು ಸಾವಿರಕ್ಕೂ ಹೆಚ್ಚು ದ್ವೀಪ, ನೂರಕ್ಕೂ ಹೆಚ್ಚು ಭಾಷೆ. ಬುಕಿದ್ನೊನ್, ಮನೊಬೊ ಜನರಿಗೆ ಇವರು ಬರೀ ಕತೆಯ ಪಾತ್ರಗಳಲ್ಲ, ಪೂಜೆಯ ಜೊತೆ ಬೆಸೆದವರು. ಇವರನ್ನೆಲ್ಲ ರಾಜಧಾನಿಯ ಒಂದೇ ಭೂಗತ ಲೋಕದಲ್ಲಿ ಕೂರಿಸಿದಾಗ ಯಾವುದು ಯಾರದ್ದು ಅನ್ನುವುದು ಅಳಿಸಿಹೋಗುತ್ತದೆ. ಟಾನ್ ಇದಕ್ಕೆ ಒಂದು ದಾರಿ ಮಾಡಿದ್ದಾರೆ. ಪ್ರಕರಣಗಳ ಜೊತೆಗೆ ಆಂಟನ್ ಟ್ರೆಸೆಯ ದಿನಚರಿ ಅಂತ ಟಿಪ್ಪಣಿ ಇದೆ, ಆ ಜೀವಿಯ ಬಗ್ಗೆ ಜನ ಹೇಳುವುದನ್ನು ಅಲ್ಲಿ ಕೊಡುತ್ತಾರೆ. ಅದನ್ನು ಬಿಡದೆ ಓದಿ. ಆದರೂ ಇಡೀ ದೇಶದ ಪುರಾಣ ಇದೊಂದರಲ್ಲೇ ಇದೆ ಅಂತ ತಿಳಿಯಬೇಡಿ. ಇಲೊಕಾನೊ ಜನರ ಲಮಾಂಗ್ ಕತೆ, ಪನಾಯ್ ದ್ವೀಪದ ‘ಹಿನಿಲಾವೊದ್’, ಮರನಾವ್ ಜನರ ‘ದರಂಗೆನ್’ ಎಂಬ ಹಾಡುಗಾವ್ಯಗಳ ಲೋಕ ಬೇರೆಯೇ ಇದೆ.

ಪುಸ್ತಕ ಮೇಲೋ ಸರಣಿ ಮೇಲೋ ಅಂತ ನೀವು ಕೇಳಿಲ್ಲ. ಆದರೂ ಹೇಳುತ್ತೇನೆ, ಪುಸ್ತಕವೇ. ಸರಣಿ ಚೆನ್ನಾಗಿದೆ, ಆದರೆ ಎಷ್ಟೋ ಪ್ರಕರಣಗಳನ್ನು ಆರು ಕಂತಿಗೆ ತುರುಕಿ ಒಂದೇ ದೊಡ್ಡ ಕತೆಗೆ ಹೊಲಿದಿದ್ದಾರೆ. ಪತ್ತೆ ಹಚ್ಚುವ ನಿಧಾನ ಕಳೆದುಹೋಗಿದೆ. ಪುಸ್ತಕ ಕಪ್ಪು ಬಿಳುಪು. ಕಾಜೊ ಅವರ ಕಪ್ಪು ಸುಮ್ನೆ ತುಂಬಿದ ಕಪ್ಪಲ್ಲ. ಒಂದು ಪುಟವನ್ನು ಹತ್ತಿರ ಹಿಡಿದು ನೋಡಿ. ಅಲೆಕ್ಸಾಂಡ್ರಾಳ ಉದ್ದ ಕೋಟು, ರಾತ್ರಿ ಆಕಾಶ, ಗಲ್ಲಿಯ ನೆರಳು ಒಂದರೊಳಗೊಂದು ಸೇರಿಕೊಂಡಿರುತ್ತವೆ. ಗೆರೆ ಎಲ್ಲಿ ಮುಗಿಯಿತು ಅಂತ ಕಣ್ಣು ಹುಡುಕುತ್ತಿರುವಾಗಲೇ ಆ ಕಪ್ಪಿನೊಳಗೆ ಒಂದು ಹಲ್ಲೋ ಕಣ್ಣೋ ಬಿಳಿ ಬಿಟ್ಟಿರುತ್ತಾರೆ. ಜೊತೆಗೆ ಕಟ್ಟಡ, ವಿದ್ಯುತ್ ತಂತಿಗಳ ಗೋಜಲು, ರಸ್ತೆಯ ಫಲಕಗಳೆಲ್ಲ ಮನಿಲಾದವೇ. ಬಣ್ಣದ ಸರಣಿಯಲ್ಲಿ ಈ ಹುಡುಕಾಟ ಇಲ್ಲ. ಮಾತುಗಳು ಮೂಲದಲ್ಲೇ ಇಂಗ್ಲಿಷ್, ಅಲ್ಲಲ್ಲಿ ತಗಲೋಗ್. ಹಾಗಾಗಿ ನೀವು ಓದುತ್ತಿರುವುದು ಅನುವಾದವಲ್ಲ.

ಈ ಇಬ್ಬರು ಶೂನ್ಯದಿಂದ ಬಂದವರೂ ಅಲ್ಲ. ಅಲ್ಲಿ ಕಾಮಿಕ್ಸ್‌ಗೆ ‘ಕೋಮಿಕ್ಸ್’ ಅನ್ನುತ್ತಾರೆ. 1929ರಲ್ಲಿ ‘ಲಿವಾಯ್‌ವಾಯ್’ ಪತ್ರಿಕೆಯಲ್ಲಿ ಬಂದ ‘ಕೆಂಕೊಯ್’ನಿಂದ ಈ ಪರಂಪರೆ ಶುರು. ಒಂದು ಕಾಲಕ್ಕೆ ಗೂಡಂಗಡಿಗಳಲ್ಲಿ ಚಿಲ್ಲರೆ ಕಾಸಿಗೆ ಬಾಡಿಗೆ ಪಡೆದು, ಅಲ್ಲೇ ಬೆಂಚಿನ ಮೇಲೆ ಕೂತು ಓದುತ್ತಿದ್ದರು. 1970ರ ದಶಕದಲ್ಲಿ ಆಲ್ಫ್ರೆಡೊ ಅಲ್ಕಾಲಾ, ನೆಸ್ಟರ್ ರೆಡೊಂಡೊ, ಅಲೆಕ್ಸ್ ನಿನ್ಯೊ ಅವರಂಥ ಚಿತ್ರಗಾರರು ಅಮೆರಿಕದ ದೊಡ್ಡ ಕಂಪನಿಗಳಿಗೆ ಚಿತ್ರ ಬರೆದರು. ಕಪ್ಪು ಶಾಯಿಯಲ್ಲಿ ಅವರ ಕೈಚಳಕ ಹೆಸರುವಾಸಿ. ಜನಪದವನ್ನು ಇವತ್ತಿನ ಮನಿಲಾದ ಹುಡುಗ ಹುಡುಗಿಯರ ನಡುವೆ ತಂದವರಲ್ಲಿ ಆರ್ನಲ್ಡ್ ಆರೆ ಮೊದಲಿಗರು. ಅವರ ‘ದಿ ಮಿಥಾಲಜಿ ಕ್ಲಾಸ್’ 1999ರಲ್ಲಿ ಬಂತು. ಅದರಲ್ಲಿ ಕಾಲೇಜು ವಿದ್ಯಾರ್ಥಿಗಳ ಗುಂಪೊಂದು ನಗರದಲ್ಲಿ ಓಡಾಡುವ ಈ ಜೀವಿಗಳನ್ನು ಹಿಡಿಯಲು ಹೊರಡುತ್ತದೆ. ಅದು ‘ಟ್ರೆಸೆ’ಗಿಂತ ಹಗುರ ಮನಸ್ಸಿನದು, ಸ್ನೇಹದ ಕತೆ.

ಮಗನ ವಿಷಯಕ್ಕೆ ಇದೇ ಉತ್ತರ. 13ಕ್ಕೆ ‘ಟ್ರೆಸೆ’ ಬೇಡ. ರಕ್ತ ಇದೆ, ಕತ್ತರಿಸಿದ ದೇಹಗಳಿವೆ, ಎಳೆಗೂಸುಗಳ ಸಾವೂ ಬರುತ್ತದೆ. ‘ಟಿಯಾನಕ್’ ಎಂಬ ಕೂಸುದೆವ್ವದ ಕತೆಗಳು ದೊಡ್ಡವರಿಗೇ ಭಾರ. ಇನ್ನೆರಡು ಮೂರು ವರ್ಷ ಕಳೆದ ಮೇಲೆ, ನೀವೂ ಜೊತೆಗೆ ಓದುವುದಾದರೆ ಕೊಡಿ. ಅಲ್ಲಿಯವರೆಗೆ ಆರೆ ಅವರ ಪುಸ್ತಕ ಸಿಕ್ಕಿದರೆ ಮೊದಲು ನೀವು ಓದಿ ನೋಡಿ, ಆಮೇಲೆ ಅವನಿಗೆ ಕೊಡಬಹುದು.

ನೀವು ಮಾತ್ರ ಮೊದಲ ಸಂಪುಟವನ್ನು ಪ್ರಕರಣಕ್ಕೊಂದು ದಿನದಂತೆ ಓದಿ. ಒಂದೊಂದೂ ಬೇರೆ ಬೇರೆ ಕತೆ, ಅವಸರ ಬೇಡ. ಮೂರನೇ ಸಂಪುಟದಿಂದ ಕತೆ ಬಿಗಿಯಾಗುತ್ತದೆ, ಅವಳಿಗಳ ಹಿನ್ನೆಲೆ ಅಲ್ಲಿ ತೆರೆದುಕೊಳ್ಳುತ್ತದೆ. ಹಾಗಾಗಿ ಕ್ರಮ ತಪ್ಪಿಸಬೇಡಿ. ಪುಸ್ತಕ ವಾಪಸ್ ಕೊಡುವಾಗ ಸಹೋದ್ಯೋಗಿಯ ಊರು ಯಾವುದು ಅಂತ ಕೇಳಿ. ವಿಸಾಯಸ್ ದ್ವೀಪಗಳ ಕಡೆಯವರಾದರೆ, ಅದರಲ್ಲೂ ಕಾಪಿಜ್ ಪ್ರಾಂತ್ಯದವರಾದರೆ, ಆಸ್ವಾಂಗ್ ನಿಮ್ಮೂರದ್ದೇ ಅಲ್ವಾ ಅಂತ ಬೇರೆಯವರು ಛೇಡಿಸುವುದನ್ನು ಕೇಳಿ ಕೇಳಿ ಅವರಿಗೆ ಸಾಕಾಗಿರಬಹುದು. ಮೆಲ್ಲಗೆ ಕೇಳಿ. ಅವರ ಅಜ್ಜಿ ಹೇಳಿದ ಕತೆಗೂ ಪುಸ್ತಕದ ಕತೆಗೂ ಎಲ್ಲಿ ವ್ಯತ್ಯಾಸ ಇದೆ ಅಂತ ಅವರೇ ಹೇಳುತ್ತಾರೆ.